ಡ್ಯಾನ್ಯೂಬ್ ದಾಟಿ ಬಂದ ಹಸು

ಮಿಕೋನ ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹಸು. ಹಿಂದಿನ ಬೇಸಿಗೆಯಲ್ಲಿ ತಾತಾರರು ದಂಡೆತ್ತಿ ಬಂದರೆಂದು ಊರಿಗೆ ಊರೇ ಡ್ಯಾನ್ಯೂಬ್ ನದಿ ದಾಟಿ ಈಚೆ ದಡಕ್ಕೆ ಓಡಿ ಬಂದಾಗ, ಅವನು ಹೆಂಡತಿಯನ್ನು ದೋಣಿ ಹತ್ತಿಸಿದ, ಕೂಸನ್ನು ಹತ್ತಿಸಿದ, ಅತ್ತೆ ಅಗ್ಲೆಂತಳನ್ನೂ ಹತ್ತಿಸಿದ. ಹಸುವಿಗೆ ಜಾಗ ಉಳಿಯಲಿಲ್ಲ. "ಅತ್ತೆ ಕೂತ ಜಾಗದಲ್ಲಿ ಹಸು ಆರಾಮಾಗಿ ನಿಲ್ಲಬಹುದಿತ್ತು" ಎಂದು ಬಾಯಿ ತಪ್ಪಿ ಅಂದುಬಿಟ್ಟ. ಅಂದಿನಿಂದ ಅವನ ಪಾಲಿನ ಬರಗಿನ ಗಂಜಿ ತಣ್ಣಗಾದ ಮೇಲೇ ಬರುತ್ತಿತ್ತು. ಈಗ ಹೆಂಡತಿಯ ಎದೆಹಾಲೂ ಬತ್ತಿ ಕೂಸು ಹಗಲಿಡೀ ಅಳುತ್ತಿತ್ತು.

ಆ ವರ್ಷದ ಚಳಿ ಊರಿನ ಮುದುಕರೂ ಕಂಡಿರದಂಥದು. ರಾತ್ರಿಯಾದರೆ ನದಿಗೆ ನದಿಯೇ ಕಲ್ಲಾಗುತ್ತಿತ್ತು. ತಾತಾರರು ಕುದುರೆ ಮೇಲೇ ದಾಟಿ ಬಂದಾರೆಂದು ಮನೆಗೊಬ್ಬ ಗಂಡಸು ಬೆಳಗಾದರೆ ಕೊಡಲಿ ಹಿಡಿದು ಮಂಜುಗಡ್ಡೆ ಒಡೆಯಬೇಕು. ಅಪ್ಪಣೆ ಕೊಟ್ಟ ಧಣಿ ಮಾತ್ರ ಕೋಟೆಯೊಳಗೆ ಬೆಂಕಿಯ ಮುಂದೆ ಕಾಲು ಚಾಚಿಕೊಂಡಿದ್ದ. ಅವನ ನಲವತ್ತು ಹಸುಗಳು ಎಲ್ಲರಿಗಿಂತ ಮೊದಲೇ ದಾಟಿದ್ದವು. ಬಡವರಿಗೆ ದೋಣಿ ಸಾಲದೆ ಹೋದದ್ದೇ ಅದಕ್ಕೆ.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಬೋರ್ಶ್ ದಡದಿಂದ ಕೂಗಿದ: "ಲೋ ಮಿಕೋ, ಆಚೆ ನೋಡೋ! ಇವತ್ತಿಗೆ ಮೂರು ದಿನ, ಒಬ್ಬ ತಾತಾರನೂ ಕಾಣ್ತಿಲ್ಲ. ತೊಲಗಿದ್ರು ಕಣೋ!"

ಮಂಜಿನ ನಡುವೆ ಎದುರು ದಡದಲ್ಲಿ ದನಗಳು ನಿಂತಿದ್ದವು, ಕಾಯುವವರಿಲ್ಲದೆ. ಅದರಲ್ಲೊಂದರ ಬಲಗೋಡು ಕೆಳಕ್ಕೆ ಬಾಗಿತ್ತು.

"ನಮ್ಮ ಹಸು!" ಮಿಕೋ ಹಾರಿಬಿದ್ದ. "ಇವತ್ತೊಂದು ದಿನ ಯಾರೂ ಗಡ್ಡೆ ಒಡೀಬೇಡಿ!"

ಊರ ಮುಖ್ಯಸ್ಥ ಫರ್ಕಾಶ್ ಕೋಲು ಕುಟ್ಟಿದ. "ಒಡೀಬೇಕು. ಧಣಿ ಅಪ್ಪಣೆ."

"ಧಣಿ ಹಾಲು ಕುಡೀತಾ ಅಪ್ಪಣೆ ಕೊಡ್ತಾನೆ. ನನ್ನ ಕೂಸಿಗೆ ಅಪ್ಪಣೆ ಕುಡಿಸ್ಲಾ? ನಾನಂತೂ ಹೋಗೋನೇ, ಬೇಕಾದ್ರೆ ನನ್ನ ಕಾಲಿಗೇ ಕೊಡಲಿ ಹಾಕಿ! ಅಲ್ಲಣ್ಣ, ಆ ಎರಡು ಕಪ್ಪು ಎತ್ತು ನಿಮ್ಮದೇ ಅಲ್ವಾ?"

ಫರ್ಕಾಶ್ ಕಣ್ಣು ಕಿರಿದು ಮಾಡಿ ನೋಡಿದ. ಗಂಟಲು ಸರಿಮಾಡಿಕೊಂಡ. "ಒಂದು ದಿನ ತಡವಾದ್ರೆ ನದಿಯೇನೂ ಓಡಿಹೋಗಲ್ಲ ಬಿಡು."

ಎಲ್ಲರಿಗೂ ಬುದ್ಧಿ ಹೇಳುವ ಹುರುಪು ಬಂತು. ಹಗ್ಗ ಕಟ್ಟಿಕೊ ಎಂದರು, ಹೊಟ್ಟೆ ಮೇಲೆ ತೆವಳು ಎಂದರು. ಒಬ್ಬಳು ಹಳೇ ಮನೆಯ ಬಾಗಿಲ ಹಿಂದಿಟ್ಟ ತನ್ನ ಕಡೆಗೋಲು ತರಲು ಹೇಳಿದಳು. ಅತ್ತೆ ಕೂಗಿದಳು: "ಅಳಿಯಂದ್ರೇ, ಎಡಗಿವಿ ಸೀಳಿರೋದನ್ನ ನೋಡಿ ಹಿಡೀರಿ! ಹಸು ಇಲ್ದೆ ಬಂದ್ರೆ ದನದ ಕೊಟ್ಟಿಗೇಲೇ ಮಲಗಿ, ಖಾಲಿ ಇದೆ!"

ಸೊಂಟಕ್ಕೆ ಹಗ್ಗ ಬಿಗಿದು, ಕೈಯಲ್ಲಿ ಕೊಡಲಿ ಹಿಡಿದೇ ಮಿಕೋ ಹೊರಟ. ಹಗ್ಗ ಹಿಡಿದಿದ್ದ ಬೋರ್ಶ್ ಸೀನಿದ, ಹಗ್ಗ ಜಗ್ಗಿತು. ಮಿಕೋ ಜಾರಿದ; ನಿನ್ನೆ ತಾನೇ ಒಡೆದ ಕಂಡಿ ಇನ್ನೂ ಗಟ್ಟಿಯಾಗಿರಲಿಲ್ಲ, ಒಂದು ಕಾಲು ಮೊಣಕಾಲವರೆಗೆ ಇಳಿಯಿತು. ಎದ್ದು ನಿಲ್ಲುವಷ್ಟರಲ್ಲಿ ಚಲ್ಲಣದ ಆ ಕಾಲು ಒಣಗಿದ ಮೀನಿನಂತೆ ಸೆಟೆದಿತ್ತು. ಹಿಂತಿರುಗುವ ಮಾತೇ ಇಲ್ಲ. ಹಗ್ಗ ಬಿಚ್ಚಿ ಎಸೆದು, ಕುಂಟುತ್ತಲೇ ಆಚೆ ದಡ ಸೇರಿದ.

ಕೋಡು ಬಾಗಿದ ಹಸುವನ್ನು ಯಾರೋ ಗೂಟಕ್ಕೆ ಕಟ್ಟಿದ್ದರು. ಯಾರು ಕಟ್ಟಿದರೆಂದು ಯೋಚಿಸಲು ಪುರುಸೊತ್ತೆಲ್ಲಿ? ಕೊಡಲಿಯಿಂದ ಹಗ್ಗ ಕಡಿದು, ಕೊಡಲಿಯನ್ನು ಅಲ್ಲೇ ಮರೆತು, ಹಸುವನ್ನು ಎಳೆದ. ಅದು ಕದಲಲಿಲ್ಲ. ತಳ್ಳಿದ. ಕೊನೆಗೆ ಬೇಡಿಕೊಂಡ. ಆಗ ಅದು ಒಮ್ಮೆಲೇ ಓಡಿತು. ಮಿಕೋ ಅರ್ಧ ನದಿಯನ್ನು ಕುಂಡೆಯ ಮೇಲೇ ದಾಟಿದ.

ಹಸುವನ್ನು ತಾಳಿದ ಗಡ್ಡೆ ತಮ್ಮನ್ನು ತಾಳದೇ ಎಂದು ಊರೇ ನದಿಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ದನಗಳೆಲ್ಲ ಸಾಲಾಗಿ ಬರುತ್ತಿದ್ದವು. ಹೊಳೆಯ ನಟ್ಟನಡುವೆ ನಿಂತು ಫರ್ಕಾಶ್ ಎರಡೂ ದಡಕ್ಕೆ ಕೇಳುವಂತೆ ಅರಚಿದ: "ಎರಡೆತ್ತು ಜೋಡಿಯಾಗಿ ನಡೆದ್ರೂ ಗಡ್ಡೆ ಕಿರ್ ಅನ್ನಲಿಲ್ಲ ಕಣ್ರೋ!"

ಮಿಕೋ ಎದೆಯುಬ್ಬಿಸಿ ಅತ್ತೆಯ ಮುಂದೆ ಹಸು ನಿಲ್ಲಿಸಿದ. ಅವಳು ಅದರ ಎಡಗಿವಿಗೆ ಮೆತ್ತಿದ ಹಿಮ ಒರೆಸಿದಳು.

"ಕಿವಿ ಸೀಳಿಲ್ವಲ್ಲ?"

"ಚಳಿಗೆ ಕೂಡ್ಕೊಂಡಿರಬೇಕು ಅತ್ತೆ."

"ತೊಡೆ ಮೇಲೆ ಬರೆ ಬೇರೆ ಇದೆ. ಕೆಚ್ಚಲೂ ಬತ್ತಿದೆ. ಯಾರ ಹಸು ಹಿಡ್ಕೊಂಡು ಬಂದ್ರಿ?"

ಮಿಕೋ ಬಾಯಿ ತೆರೆಯುವಷ್ಟರಲ್ಲಿ ಎದುರು ದಡದ ಜೊಂಡು ಅಲುಗಾಡಿತು. ಜೊಂಡಿನೊಳಗಿಂದ ಕುದುರೆ ಸವಾರರು ಹೊರಬಂದರು. ಹತ್ತು, ನೂರು, ಆಮೇಲೆ ಲೆಕ್ಕವಿಲ್ಲ. ಯಾರಿಗೂ ಅವಸರವಿರಲಿಲ್ಲ. ಮೊದಲನೆಯವನ ಕೈಯಲ್ಲಿ ಮಿಕೋನ ಕೊಡಲಿ. ನಡುನದಿಯಲ್ಲಿ ಇಳಿದು, ಹಸು ಹಾಕಿದ ಸಗಣಿಯನ್ನು ನೋಡಿ, ಪಕ್ಕದಲ್ಲಿ ಬಲವಾಗಿ ಒಂದೇಟು ಹಾಕಿದ. ಕೊಡಲಿ ಪುಟಿದು ಮೇಲೆದ್ದಿತು. ಅವನು ನಕ್ಕು, ಹಿಂದಿನವರಿಗೆ ಕೈ ಬೀಸಿ, ಮತ್ತೆ ಕುದುರೆ ಹತ್ತಿದ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಹಸುವಿನ ಹಗ್ಗವನ್ನು ಅಳಿಯನ ಕೈಗೆ ತುರುಕಿ, ಕೂಸನ್ನು ಎತ್ತಿಕೊಂಡು, ಮಗಳ ರಟ್ಟೆ ಹಿಡಿದು ಕಾಡಿನ ಕಡೆ ಹೆಜ್ಜೆ ಹಾಕಿದಳು.

"ಹಸು ಕೇಳೋಕೆ ಬರ್ತಿದಾರೆ. ನೀವೇ ಮಾತಾಡಿ ಅಳಿಯಂದ್ರೇ."