ಹೂಂಗುಟ್ಟುವ ಕತ್ತಿಗೆ ಯಾವ ಆಪರೇಷನ್?

ಹೆಂಡತಿ: ಅಲ್ಲಾಡೋ ಕೃತಕ ಡಿಸ್ಕು ಬೇಡವೇ ಬೇಡ ಡಾಕ್ಟ್ರೇ. ಇವರ ಕತ್ತಿನ ಆ ಎರಡು ಮೂಳೆ ಬೆಸೆದು ಬಿಗಿ ಮಾಡ್ಬಿಡಿ.

ಸಾಹೇಬರು: ಏನಮ್ಮಾ ಹೀಗಂತೀರಿ! ಈ ಕತ್ತು ಅಲ್ಲಾಡದೆ ಹೋದ್ರೆ ನಮ್ಮ ಆಫೀಸಿನ ಗತಿ ಏನು?

(ಡಾಕ್ಟರ ಕೋಣೆ. ನಡುವಿನ ಕುರ್ಚಿಯಲ್ಲಿ ಗುಮಾಸ್ತ, ಕತ್ತಿನ ಪಟ್ಟಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅವನ ಆಫೀಸಿನ ಸಾಹೇಬರು. ರೋಗಿಯ ಜೊತೆ ಒಬ್ಬರೇ ಬರಬೇಕೆಂದು ಬಾಗಿಲ ಮೇಲೆ ಬರೆದಿದೆ. ಅದು ತಮಗಲ್ಲ ಎಂದು ಸಾಹೇಬರು ಒಳಗೆ ಬಂದು ಕೂತಿದ್ದಾರೆ.)

ಡಾಕ್ಟರ್: ನೀವು ಇವರಿಗೆ ಏನಾಗ್ಬೇಕು ಸರ್?

ಸಾಹೇಬರು: ಮೇಲಧಿಕಾರಿ. ನಾನು ಮಾತಾಡೋವಾಗ ತಲೆಯಾಡಿಸೋದು ಇವರ ಕೆಲಸ.

ಡಾಕ್ಟರ್: ಅದೂ ಒಂದು ಕೆಲಸಾನಾ?

ಹೆಂಡತಿ: ಅದೊಂದೇ ಕೆಲಸ! ಅದರಿಂದ್ಲೇ ಡಿಸ್ಕು ಸವೆದು, ನರ ಒತ್ತಿ, ಬಲಗೈ ಜೋಮು ಹಿಡಿದಿರೋದು. ಹಿಡಿದ ಲೋಟ ಜಾರಿಬೀಳುತ್ತೆ ಡಾಕ್ಟ್ರೇ. ನಂಗೆ ಭಯ ಆಗುತ್ತೆ.

ಡಾಕ್ಟರ್: ಕೈ ಜೋಮು ಹೋಗೋಕೆ ಎರಡರಲ್ಲಿ ಯಾವ ಆಪರೇಷನ್ ಆದ್ರೂ ಒಳ್ಳೇದೇ. ಬೆಸೆದ್ರೆ ಆ ಒಂದು ಕೀಲು ಅಲ್ಲಾಡಲ್ಲ, ಅದರ ಭಾರ ಮೇಲಿನ, ಕೆಳಗಿನ ಕೀಲುಗಳ ಮೇಲೆ ಬೀಳುತ್ತೆ. ಕೃತಕ ಡಿಸ್ಕು ಹಾಕಿದ್ರೆ ಅದೂ ಅಲ್ಲಾಡ್ತಾ ಇರುತ್ತೆ.

ಹೆಂಡತಿ: ಅಂದ್ರೆ, ಬೆಸೆದ್ರೂ ಇವರು ಸಾಹೇಬರಿಗೆ ಹೂಂ ಅನ್ನಬಹುದಾ?

ಡಾಕ್ಟರ್: ಧಾರಾಳವಾಗಿ. ಉಳಿದ ಕೀಲುಗಳು ಅಲ್ಲಾಡ್ತವಲ್ಲ.

ಹೆಂಡತಿ: ಹಾಗಾದ್ರೆ ಎಲ್ಲಾ ಕೀಲೂ ಬೆಸೆದುಬಿಡಿ!

ಡಾಕ್ಟರ್: ಇದು ಕತ್ತಮ್ಮಾ, ಕಿಟಕಿ ಅಲ್ಲ ಮೊಳೆ ಹೊಡೆಯೋಕೆ! ರೋಗಿ ಏನಂತಾರೆ?

(ಗುಮಾಸ್ತ ಹೆಂಡತಿಯನ್ನು ನೋಡಿ ತಲೆಯಾಡಿಸಿದ. ಸಾಹೇಬರನ್ನು ನೋಡಿಯೂ ತಲೆಯಾಡಿಸಿದ. ನೋವಿಗೆ ಕಣ್ಣಲ್ಲಿ ನೀರು ಬಂತು.)

ಡಾಕ್ಟರ್: ಎರಡಕ್ಕೂ ಹೂಂ ಅಂದ್ರೆ ನಾನೇನ್ರೀ ಮಾಡ್ಲಿ? ಸರಿ, ಸ್ಕ್ಯಾನ್ ನೋಡಿ ನಾನೇ ಹೇಳ್ತೀನಿ. ಹಿಂಭಾಗದ ಸಣ್ಣ ಕೀಲುಗಳೂ ಸವೆದಿವೆ. ಇವರಿಗೆ ಕೃತಕ ಡಿಸ್ಕು ಹೊಂದಲ್ಲ, ಬೆಸೆಯೋದೇ ಸರಿ. ನಾಳೆ ಬೆಳಿಗ್ಗೆ ಮಾಡೋಣ.

ಸಾಹೇಬರು: ನಾಳೇನಾ? ನಾಳಿದ್ದು ಆಡಳಿತ ಮಂಡಳಿ ಮುಂದೆ ನನ್ನ ಭಾಷಣ ಇದೆ! ಇವನು ಮುಂದಿನ ಸಾಲಲ್ಲಿ ಕೂತು ತಲೆಯಾಡಿಸದಿದ್ರೆ, ನಾನು ಹೇಳ್ತಿರೋದು ಸರಿಯೋ ತಪ್ಪೋ ನಂಗೇ ಗೊತ್ತಾಗಲ್ಲ. ಮುಂದಿನ ತಿಂಗಳು ಮಾಡಿಸ್ಕೊಳ್ಳಯ್ಯಾ, ಆಯ್ತಲ್ಲ?

(ಗುಮಾಸ್ತ ತನ್ನ ಜೋಮು ಹಿಡಿದ ಕೈಯನ್ನು ನೋಡಿಕೊಂಡ. ನಿಧಾನವಾಗಿ ತಲೆಯನ್ನು ಎಡಕ್ಕೆ ತಿರುಗಿಸಿದ. ಆಮೇಲೆ ಬಲಕ್ಕೆ.)

ಗುಮಾಸ್ತ: ಇಲ್ಲ ಸಾರ್. ನಾಳೇನೇ.

ಸಾಹೇಬರು: ಡಾಕ್ಟ್ರೇ! ಇದು ಯಾವ ಕಡೆ ತಿರುಗ್ತಾ ಇದೆ? ರೋಗ ಉಲ್ಬಣ ಆಯ್ತಾ?

ಡಾಕ್ಟರ್: ಇಲ್ಲ ಸರ್. ಕತ್ತು ಆ ಕಡೆಗೂ ತಿರುಗುತ್ತೆ.

ಹೆಂಡತಿ (ಕಣ್ಣೊರೆಸಿಕೊಂಡು): ಅಬ್ಬಾ, ಮದುವೆಯಾದಾಗಿಂದ ಇವರು ಇಲ್ಲ ಅಂದಿದ್ದು ಇವತ್ತೇ ನೋಡಿದ್ದು ನಾನು! ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಕಣ್ರೀ. ಆಪರೇಷನ್ ಆದ್ಮೇಲೆ ಎರಡು ತಿಂಗಳು ನಮ್ಮಣ್ಣನ ಮನೇಲಿ ಆರಾಮಾಗಿ ಇದ್ದುಬಿಡೋಣ.

(ಗುಮಾಸ್ತನ ತಲೆ ಮತ್ತೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅವನಿಗೆ ರುಚಿ ಹತ್ತಿತ್ತು.)

ಗುಮಾಸ್ತ: ಇಲ್ಲ ಕಣೇ.

ಹೆಂಡತಿ: ಡಾಕ್ಟ್ರೇ... ಹೇಗೂ ಬೆಸೀತೀರಲ್ಲ, ಈ ಎಡಕ್ಕೆ ಬಲಕ್ಕೆ ತಿರುಗೋದನ್ನೂ ಸೇರಿಸಿ ಬಿಗಿದುಬಿಡಿ!