ಮುಖ ನೋಡದವರು ಮಾಡಿಕೊಟ್ಟ ಮದುವೆ

ಗುಬ್ಬಿಯಲ್ಲಿರುವ ನನ್ನ ಸೋದರತ್ತೆ ಈ ಭೂಮಿಯ ಮೇಲೆ ಯಾರನ್ನೂ ನಂಬುವವರಲ್ಲ. ಎದುರು ಮನೆಯವರು ಕೊತ್ತಂಬರಿ ಸೊಪ್ಪು ತಂದುಕೊಟ್ಟರೂ ಕಟ್ಟು ಬಿಚ್ಚಿ, ಒಂದೊಂದು ಎಸಳನ್ನೂ ವಿಚಾರಣೆ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಇಂಥ ಅತ್ತೆ ಒಬ್ಬಳೇ ಮಗಳು ಶಶಿಯ ಮದುವೆಯನ್ನು ಯಾರ ಕೈಗೆ ಒಪ್ಪಿಸಿದರು ಗೊತ್ತೇ? ಮೊಬೈಲಿನೊಳಗೆ ಹುಡುಕಿ ಹಿಡಿದ ಮೂವರು ಅಪರಿಚಿತರಿಗೆ!

"ಅವ್ರನ್ನ ಫ್ರೀಲಾನ್ಸರ್ಸ್ ಅಂತಾರೆ ಕಣೋ," ಎಂದು ನನಗೆ ಪಾಠ ಮಾಡಿದರು. "ಒಬ್ರು ಕಾರ್ಡ್ ಮಾಡ್ತಾರೆ, ಒಬ್ರು ಊಟದ ಲಿಸ್ಟ್ ಮಾಡ್ತಾರೆ, ಇನ್ನೊಬ್ರು ಎಲ್ಲಾರ್ಗೂ ಫೋನ್ ಮಾಡಿ ಕರೀತಾರೆ."

"ಮತ್ತೆ ನೀವೇನ್ ಮಾಡ್ತೀರಾ ಅತ್ತೆ?"

"ನಾನು ಬೈತೀನಿ."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು ಅವರು. ಕಣ್ಣಿಗೆ ಕಾಣದವರನ್ನು ಬೈಯುವುದರಲ್ಲಿ ಅವರಿಗಿರುವ ಅನುಭವ ಜಿಲ್ಲೆಯಲ್ಲೇ ಇನ್ನೊಬ್ಬರಿಗೆ ಇರಲಾರದು!

ಮೊದಲು ಬೈಸಿಕೊಂಡವನು ಅಸ್ಸಾಮಿನ ಡಿಸೈನರ್. ಗಡ್ಡ ಬಿಟ್ಟ ಮನುಷ್ಯ, ಇಬ್ಬರು ಮಕ್ಕಳ ತಂದೆ, ಕನ್ನಡದ ಒಂದಕ್ಷರವೂ ಬಾರದು. ಅವನು ಕಳಿಸಿದ ಲಗ್ನಪತ್ರಿಕೆಯಲ್ಲಿ ಒತ್ತಕ್ಷರಗಳೆಲ್ಲ ಕಳಚಿಕೊಂಡು ಸಾಲಾಗಿ ನಿಂತಿದ್ದವು. 'ತಪ್ಪದೆ ಬನ್ನಿ' ಎಂಬುದು 'ತಪ್‌ಪದೆ ಬನ್‌ನಿ' ಆಗಿತ್ತು. ಬಿಕ್ಕಳಿಕೆ ಹತ್ತಿದವರು ಮದುವೆಗೆ ಕರೆದ ಹಾಗೆ! ಬೇರೆಯವರಾಗಿದ್ದರೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕುತ್ತಿದ್ದರು. ಅತ್ತೆ ಚೆನ್ನಾಗಿ ಬೈದರು, ಆಮೇಲೆ ವಿಡಿಯೋ ಕಾಲ್ ಮಾಡಿ, ಸ್ಲೇಟು ಹಿಡಿದು, ತಮ್ಮ ಹರಕುಮುರುಕು ಹಿಂದಿಯಲ್ಲಿ ಎರಡು ದಿನ ಒತ್ತಕ್ಷರ ಕಲಿಸಿದರು. ಮೂರನೆಯ ದಿನ ಅವನೇ ಫೋನು ಮಾಡಿ, ನಿಮ್ಮ ಊರಿನ ಹೆಸರಿನಲ್ಲೇ ಒಂದು ಒತ್ತು ಅಡಗಿದೆಯಲ್ಲ, ಅದನ್ನು ನಾನು ಹಿಡಿದೆ ಎಂದು ಮಗುವಿನಂತೆ ಕೂಗಾಡಿದ. ಅತ್ತೆ ಅವನನ್ನು ಪಾಸು ಮಾಡಿದರು.

ಊಟದ ಪಟ್ಟಿಯವಳು ಇಂದೋರಿನವಳು. ಅಳಿಯನಾಗುವವರು ಹುಲಿಯೂರುದುರ್ಗದ ಶಾಲಾ ಮೇಷ್ಟ್ರು, ಅವರಿಗೆ ಮುದ್ದೆಯೆಂದರೆ ಪ್ರಾಣ ಎಂದು ಅತ್ತೆ ಹೇಳಿದ್ದರು. ಆಕೆ ಮುದ್ದೆಯ ಫೋಟೋ ನೋಡಿ, ಅದರ ದುಂಡುತನಕ್ಕೆ ಮರುಳಾಗಿ, ಲಾಡು ಜಾಮೂನುಗಳ ಸಾಲಿಗೇ ಸೇರಿಸಿಬಿಟ್ಟಳು. ಮೇಲೊಂದು ಗೋಡಂಬಿ ಇಡಬೇಕೆಂದು ಸೂಚನೆ ಬೇರೆ! ಪಟ್ಟಿ ಓದಿದ ಚೇಳೂರಿನ ಅಡುಗೆಯವರು ಬೆವರು ಒರೆಸಿಕೊಂಡರು.

"ಅಮ್ಮಾ, ಮುದ್ದೇನ ನುಂಗ್ತಾರೆ, ಗೋಡಂಬೀನ ಅಗೀತಾರೆ. ಎರಡೂ ಒಟ್ಗೇ ಹೆಂಗಮ್ಮಾ?"

ಇನ್ನು ಮೂರನೆಯವರು? ದೇಶವೆಲ್ಲ ಜಾಲಾಡಿ ಅತ್ತೆ ಹಿಡಿದದ್ದು ಪಕ್ಕದ ಕುಣಿಗಲ್ಲಿನ ಗೃಹಿಣಿಯನ್ನು! ಮನೆಯಿಂದಲೇ ಫೋನು ಮಾಡಿ, ಬರುವವರೆಷ್ಟು ಎಂದು ಬರೆದುಕೊಳ್ಳುವುದು ಆಕೆಯ ಕೆಲಸ. ಆಕೆ ತುಮಕೂರಿನ ಹತ್ತಿರದ ಕೋರದಲ್ಲಿರುವ ನನ್ನ ದೊಡ್ಡಪ್ಪನಿಗೆ, ಅಂದರೆ ಅತ್ತೆಯ ಸ್ವಂತ ಅಣ್ಣನಿಗೆ, ಫೋನು ಮಾಡಿದಳು.

"ಸಾರ್, ಶಶಿ ಅವರ ಮದ್ವೆಗೆ ಬರ್ತಿದೀರಾ?"

"ನಾನ್ ಹುಡ್ಗಿಗೆ ಸೋದರಮಾವ ಕಣಮ್ಮಾ!"

"ಸಂತೋಷ ಸಾರ್. ಬರ್ತೀರಾ, ಇಲ್ವಾ?"

"ನೋಡೋಣ..."

"'ನೋಡೋಣ' ಅನ್ನೋ ಕಾಲಂ ಇಲ್ಲ ಸಾರ್."

ದೊಡ್ಡಪ್ಪ ಉರಿದುಬಿದ್ದು ನನಗೆ ಫೋನು ಮಾಡಿದರು. ಅತ್ತೆಗೆ ಬುದ್ಧಿ ಹೇಳಲು ನಾನು ಗುಬ್ಬಿಗೆ ಹೊರಟೆ. ಅತ್ತೆಗೆ ಬುದ್ಧಿ ಹೇಳುವುದು! ನನ್ನ ಧೈರ್ಯ ನೋಡಿ!

"ನಾವೆಲ್ಲ ಇರೋವಾಗ ಕಂಡೋರ ಕೈಲಿ ಯಾಕತ್ತೆ?"

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಮೊದ್ಲು ನಿಮ್ಗಳಿಗೇ ಫೋನ್ ಮಾಡ್ದೆ ಕಣೋ. ಅಣ್ಣ, 'ಎರಡ್ನೇ ಮದ್ವೆಗೆ ಕಾರ್ಡ್ ಯಾಕೆ, ದೇವಸ್ಥಾನದಲ್ಲಿ ಸುಮ್ನೆ ಮುಗ್ಸು' ಅಂದ. ನೀನು, 'ನೋಡೋಣ ಬುಡಿ ಅತ್ತೆ' ಅಂದೆ. ಆ ಗಡ್ಡದೋನು ಮದ್ವೆ ಅಂತಿದ್ದಂಗೇ ಏನಂದ ಗೊತ್ತಾ? 'ಕಂಗ್ರಾಚುಲೇಷನ್ಸ್ ಅಮ್ಮಾ' ಅಂದ. ಮೊದಲ್ನೇದಾ, ಎರಡ್ನೇದಾ ಅಂತ ಕೇಳ್ಲೇ ಇಲ್ಲ."

ಶಶಿಯ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು 'ನೋಡೋಣ' ಎಂಬ ಆ ಮಾತು ಆಡಿದ್ದು ನಿಜ. ಆಡಿ ಮರೆತದ್ದು ಅದಕ್ಕಿಂತ ನಿಜ. ಎದುರಿಗೆ ಕೂತು ಅವರೆಕಾಯಿ ಸುಲಿದೆ. ನಾನು ಸುಲಿದ ಕಾಳನ್ನೂ ಅತ್ತೆ ಒಂದೊಂದಾಗಿ ಪರೀಕ್ಷಿಸಿದರು. ಮನೆಗೆ ಬಂದವನೇ ದೊಡ್ಡಪ್ಪನಿಗೆ ಫೋನು ಮಾಡಿ ಅತ್ತೆ ಹೇಳಿದ್ದನ್ನು ಹೇಳಿದೆ. ಅವರು ಮುಹೂರ್ತ ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದರು.

ಮದುವೆ ತುಮಕೂರಿನ ಒಂದು ಪುಟ್ಟ ಛತ್ರದಲ್ಲಿ. ದೊಡ್ಡಪ್ಪ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು! ಕೇಳಿದವರಿಗೆಲ್ಲ, "ಬರ್ಲಿಲ್ಲಾಂದ್ರೆ ಆ ಕುಣಿಗಲ್ ಅಮ್ಮ ಬುಡ್ತಾಳಾ?" ಎನ್ನುತ್ತಿದ್ದರು. ಆದರೆ ಶಶಿಯ ಕೈಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ.

ಆಗ ನೋಡಿದರೆ ಅತ್ತೆ ಮಂಟಪದ ಬಳಿ ಇಲ್ಲ. ಕಂಬದ ಪಕ್ಕ ಫೋನನ್ನು ಎತ್ತಿ ಹಿಡಿದು ನಿಂತಿದ್ದಾರೆ. ಅಸ್ಸಾಮು, ಇಂದೋರು ಎರಡೂ ವಿಡಿಯೋ ಕಾಲಿನಲ್ಲಿ.

"ಕೊಡಿ ಅತ್ತೆ, ನಾನ್ ಹಿಡ್ಕೋತೀನಿ. ನೀವ್ ಹೋಗಿ ಶಶಿ ಪಕ್ಕ ನಿಂತ್ಕೊಳ್ಳಿ."

ಅತ್ತೆ ನನ್ನನ್ನೊಮ್ಮೆ ನೋಡಿ, ಪರೀಕ್ಷೆ ಗಿರೀಕ್ಷೆ ಏನೂ ಮಾಡದೆ, ಫೋನನ್ನು ನನ್ನ ಕೈಗಿಟ್ಟು ಹೋದರು.

ಮೇಷ್ಟ್ರು ತಾಳಿ ಕಟ್ಟಿದರು. ಇಂದೋರಿನವಳು ಎದ್ದು ನಿಂತು ಕೈಮುಗಿದಿದ್ದಳು. ಗಡ್ಡದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಡಿ ಅಕ್ಕಿ ಎತ್ತಿ ನಮ್ಮತ್ತ ಎಸೆದ. ಕಾಳುಗಳು ಅವನ ಫೋನಿಗೆ ಬಡಿದು ಅಲ್ಲೇ ಎಲ್ಲೋ ಉದುರಿದವು. ನಾನು ಫೋನು ಹಿಡಿದೇ ಮಂಟಪದ ಹತ್ತಿರ ಹೋಗಿ, ಇನ್ನೊಂದು ಕೈಯಲ್ಲಿದ್ದ ಅಕ್ಷತೆಯನ್ನು ಶಶಿಯ ತಲೆಯ ಮೇಲೆ ಹಾಕಿದೆ. ಮತ್ತೆ ಅಕ್ಷತೆಯ ತಟ್ಟೆಗೆ ಕೈಹಾಕಿ, ಅವನ ಪಾಲಿನದನ್ನೂ ಹಾಕಿದೆ.