ಸೋಮವಾರ ಸುಡುವ ಆಂಪ್ಲಿಫಯರ್

ಸತ್ತ ರೇಡಿಯೊ, ಸತ್ತ ಟೇಪು ಬಿಚ್ಚಿಕೊಂಡು ಕೂಡುವವನ ಹತ್ತಿರ ಇಂಥ ವಿಚಿತ್ರ ಪ್ರಸಂಗಗಳು ಬಂದೇ ಬರುತ್ತವೆ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಕೊಟ್ಟೂರಿನಲ್ಲಿ ನನ್ನದು ರಿಪೇರಿ ಅಂಗಡಿ. ಅಂಗಡಿಯ ಗೋಡೆಯಾಚೆಗೇ ಮನೆ.

ಇದು ಹೆಂಡತಿ ತೀರಿಕೊಂಡ ವರ್ಷದ ಮಾತು. ಓಣಿಯ ಹೆಂಗಸರ ಭಜನೆ ಮೇಳಕ್ಕೆ ಅವಳೇ ಮುಂದಾಳು. ಸೋಮವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ತಾಲೀಮು. ಅದಕ್ಕೆಂದೇ ಒಂದು ಸಣ್ಣ ಆಂಪ್ಲಿಫಯರ್ ಜೋಡಿಸಿ ಕೊಟ್ಟಿದ್ದೆ. ಅವರು ಹಾಡುವಾಗ ನಾನು ಒಳಗೆ ಹೋಗುತ್ತಿರಲಿಲ್ಲ. ಅಂಗಡಿಯಲ್ಲೇ ಕೂತು ಗೋಡೆಯಾಚೆಯಿಂದ ಕೇಳುತ್ತಿದ್ದೆ.

ಪಿನ್ ಕಿತ್ತ ಮೇಲೆ

ಅವಳು ಹೋದ ಮೇಲೆ ತಾಲೀಮು ನಿಂತಿತ್ತು. ಮತ್ತೆ ಶುರುವಾದ ದಿನವೇ ಆಂಪ್ಲಿಫಯರ್ ಹೊಗೆ ಉಗುಳಿ ಸತ್ತಿತು. ಹೆಂಗಸರೆಲ್ಲ ಅದನ್ನು ಎತ್ತಿಕೊಂಡು ಅಂಗಡಿಗೆ ಬಂದರು. ಎದುರು ಮನೆಯ ಅಕ್ಕ, ಅವರಲ್ಲಿ ಹಿರಿಯಳು, ಹೇಳಿದಳು:

"ತಮ್ಮಾ, ನಾವು ಹಾಡೋದು ಆಕಿಗೆ ಬ್ಯಾಡಾಗೈತಿ. ಇದು ಬಾಯಿ ಬಿಟ್ರ ನಾವು ಬರ್ತೀವಿ. ಇಲ್ಲಂದ್ರ ಮೇಳ ಇಲ್ಲಿಗೇ ಮುಗೀತು."

ವಾರಕ್ಕೊಮ್ಮೆಯಾದರೂ ಆ ಮನೆಯಲ್ಲಿ ಮನುಷ್ಯರ ಧ್ವನಿ ಇರಲಿ ಅಂತ ನನ್ನ ಆಸೆ. ಬಿಚ್ಚಿ ನೋಡಿದೆ. ಒಂದು ರೆಸಿಸ್ಟರ್ ಸುಟ್ಟು ಕರ್ರಗಾಗಿತ್ತು. ಕಿತ್ತು ಬೇರೆ ಬೆಸುಗೆ ಹಾಕಿದೆ. ಚಾಲೂ ಮಾಡಿದೆ.

ಮೈಕು ಸ್ಪೀಕರ್ ಬಾಕ್ಸಿನ ಸನಿಹವೇ ಇತ್ತು. ಕುಂಯ್ ಅಂತ ಕೂಗಿತು. ಥಟ್ಟನೆ ಕರೆಂಟಿನ ಪಿನ್ ಕಿತ್ತೆ. ಕೂಗು ನಿಲ್ಲಲಿಲ್ಲ. ಹೆಣ್ಣು ಧ್ವನಿಯ ಹಾಗೆ ಸಣ್ಣಗೆ, ಇನ್ನೂ ಸಣ್ಣಗೆ ಎಳೆಯುತ್ತ ಹೋಯಿತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ಪಿನ್ನು ನಿಮ್ಮ ಕೈಯಾಗೈತಿ. ಅದು ಹೆಂಗ ಮಾತಾಡ್ತೈತ್ರಿ?" ಅಂದಳು ಅವರಲ್ಲಿ ಒಬ್ಬಾಕೆ.

"ಒಳಗ ಕೆಪಾಸಿಟರ್ ಐತಿ. ಸ್ವಲ್ಪ ಕರೆಂಟ್ ಹಿಡಕೊಂಡಿರ್ತೈತಿ. ಅದು ತೀರೋ ತನಕ ಕೂಗ್ತೈತಿ," ಅಂದೆ.

ಅಕ್ಕ ತಲೆ ಆಡಿಸಿದಳು. "ಹಂಗಾದ್ರ ಆಕೀನೇ ಬಿಡು. ನೀ ಮಾತು ಮುಗಿಸಿ ಎದ್ದು ಹೋದ ಮ್ಯಾಲೂ ಆಕೀದು ಇನ್ನೊಂದಿಷ್ಟು ಇರ್ತಿತ್ತು."

ಹಳದಿ ಅಕ್ಕಿ

ಮುಂದಿನ ಸೋಮವಾರ ಹಾಡು ಅರ್ಧಕ್ಕೆ ನಿಂತಿತು. ಅದೇ ರೆಸಿಸ್ಟರ್ ಸುಟ್ಟಿತ್ತು. ಈ ಸಲ ದಪ್ಪನೆಯದು ಹಾಕಿದೆ. ಅದರ ಮುಂದಿನ ಸೋಮವಾರ ಅದೂ ಹೋಯಿತು.

ಪೂರಾ ಬಿಚ್ಚಿದೆ. ತಳದಲ್ಲಿ ಏನೋ ಗಲಗಲ ಅಂದಿತು. ಅಲುಗಿಸಿ ಮೇಜಿಗೆ ಸುರಿದೆ. ಅಕ್ಕಿ. ಅರಿಶಿನ ಹಚ್ಚಿದ ಅಕ್ಕಿ.

ಎಲ್ಲ ಸ್ಕ್ರೂ ನಾನೇ ಬಿಗಿದದ್ದು. ಹೆಂಡತಿಯನ್ನು ಮಣ್ಣಿಗೆ ಕಳಿಸಿಕೊಟ್ಟ ದಿನ ಅವಳ ಮೇಲೆ ಬಿದ್ದದ್ದೂ ಇಂಥದೇ ಅಕ್ಕಿ. ಪಕ್ಕದ ಅಂಗಡಿಯ ಟೇಲರನ್ನು ಕರೆದೆ. ಅವನು ಒಳಗೆ ಬಂದವನು ಅಕ್ಕಿ ನೋಡಿ ಹಿಂದೆ ಸರಿದು ಹೊಸ್ತಿಲಾಚೆ ನಿಂತ.

"ಅಣ್ಣಾ, ಇದು ಬೆಸುಗಿ ಕೆಲಸ ಅಲ್ಲ. ಚಿಗಟೇರಿ ಕಡೆ ಹೇಳಿಕಿ ಹೇಳೋ ಅಜ್ಜ ಅದಾನ. ಹೋಗಿ ಕೇಳ್ಕೊಂಡು ಬಾ."

"ನೀನೂ ಬಾರಲೇ."

"ನಾ ಬರಲ್ಲಪಾ. ಆಕೀದೊಂದು ಕುಬಸ ಹೊಲಿಯೋದು ನನ್ನ ಹತ್ರ ಉಳದೈತಿ. ಮೊದ್ಲು ನನ್ನೇ ಹಿಡೀತಾಳ."

ಅಜ್ಜನ ಹೇಳಿಕೆ

ಆಂಪ್ಲಿಫಯರ್ ಟವೆಲ್ಲಿನಲ್ಲಿ ಸುತ್ತಿಕೊಂಡು ಚಿಗಟೇರಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಇಷ್ಟು ಹೊತ್ತು ಹೀಗೆ ಯಾವತ್ತೂ ಹೆಂಡತಿಯ ಜೊತೆ ಕೂತಿರಲಿಲ್ಲ ಅನ್ನಿಸಿತು.

ಅಜ್ಜ ಅದರ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಅಂಗಳದಲ್ಲಿ ಗಾಳಿಯೂ ಇರಲಿಲ್ಲ.

"ಇದ್ರಾಗ ಒಬ್ಬ ಹೆಣ್ಮಗಳು ಅದಾಳ," ಅಂದ. "ಆಕಿಗೆ ಉಸಿರು ಕಟ್ಟೈತಿ."

"ಏನು ಮಾಡ್ಲಿ ಅಜ್ಜಾ?"

ಅವನು ಕಣ್ಣು ಬಿಟ್ಟ. "ನೀ ಏನು ಕೆಲಸ ಮಾಡ್ತಿ?"

"ರೇಡಿಯೊ ರಿಪೇರಿ."

ಅಜ್ಜ ಎದ್ದು ಒಳಗೆ ಹೋದ. ಧೂಳು ಹಿಡಿದ ಒಂದು ರೇಡಿಯೊ ತಂದು ನನ್ನ ಮುಂದೆ ಇಟ್ಟ.

"ಇದ್ರಾಗೂ ಒಬ್ಬಾಕಿ ಇದ್ಲು. ವಾರ್ತಾ ಓದ್ತಿದ್ಲು. ಆಕೀನ್ನ ತಿರುಗಿ ಕರಿಯಾಕ ನನ್ನ ಕೈಲೆ ಆಗವಲ್ದು. ನೀನೇ ನೋಡಪಾ."

ಉಡಿ

ಉಸಿರು ಕಟ್ಟೈತಿ ಅಂದದ್ದು ತಲೆಯಲ್ಲೇ ಉಳಿಯಿತು. ಮತ್ತೊಂದು ರೆಸಿಸ್ಟರ್ ಹಾಕಿದೆ. ಇದೇ ಕಡೇ ಸಲ ಅಂತ ಅಕ್ಕ ಹೇಳಿಯಾಗಿತ್ತು. ಆ ಸೋಮವಾರ ಅಂಗಡಿಯಲ್ಲಿ ಕೂಡಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ.

ಹೆಂಗಸರು ಬಂದರು. ಮೈಕು ಹಚ್ಚಿದರು. ಹಾಡಲಿಲ್ಲ. ಅಕ್ಕ ಆಂಪ್ಲಿಫಯರನ್ನು ಮಣೆಯ ಮೇಲೆ ಕೂಡಿಸಿದಳು. ಮುಂದೆ ಕುಂಕುಮ ಹಚ್ಚಿದಳು. ಹಸಿರು ಬಳೆ ಇಟ್ಟಳು. ಮೇಲೆ ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಹೊದಿಸಿದಳು. ಅದರ ಮೇಲೆ ಇನ್ನೊಂದು ಖಣ. ಅದರ ಮೇಲೆ ಮತ್ತೊಂದು, ಮಗದೊಂದು. ಆಮೇಲೆ ಹಳದಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ.

ನನ್ನ ಹೆಂಡತಿಗೆ ಉಡಿ ತುಂಬುತ್ತಿದ್ದರು.

ಬಿಸಿ ಹೊರಗೆ ಹೋಗಲಿ ಅಂತ ನಾನು ಮೇಲೆ ಕೊರೆದ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಖಣ ತೆಗೆಯುವಾಗ ಜಾರಿದ ಅಕ್ಕಿ ಅವುಗಳಿಂದಲೇ ಒಳಗೆ ಇಳಿದಿತ್ತು.

"ಅಕ್ಕಾ!" ಅಂದೆ. ಎಲ್ಲರೂ ಬೆಚ್ಚಿದರು.

"ಮುತ್ತೈದಿಯಾಗಿ ಹೋಗ್ಯಾಳ, ತಮ್ಮಾ. ಮೊದ್ಲ ಆಕಿ ಉಡಿ ತುಂಬದಂಗ ಹಾಡು ಎತ್ತೋದು ಹೆಂಗ? ನಿನಗ ಅಳು ಬರ್ತೈತಿ ಅಂತ ಹೇಳಿದ್ದಿಲ್ಲ."

"ನಾಕು ಖಣ ಯಾಕ?"

"ಸುಟ್ಟಾಗೆಲ್ಲ ಆಕಿ ಸಿಟ್ಟು ಇಳಿದಿಲ್ಲ ಅಂತ ಒಂದೊಂದು ಹೆಚ್ಚು ಮಾಡಿದ್ವಿ."

ಬಿಸಿಯ ವಿಷಯ ಹೇಳಿದೆ. ಅಕ್ಕ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವಾ, ಸೆಕಿ ಆಗಿ ಕೂಗ್ಯಾಳ!" ಖಣ ತೆಗೆದಳು. ಆದರೆ ತೆಗೆದು ಕೈಯಲ್ಲೇ ಹಿಡಿದು ನಿಂತಳು. ತುಂಬಿದ ಉಡಿ ಹಾಡು ಮುಗಿಯೋ ಮೊದಲೇ ಹಿಂದಕ್ಕೆ ತಗೊಳ್ಳೋದು ಹೆಂಗ? ಯಾರಾದರೂ ಅವಳ ಪರವಾಗಿ ತಗೋಬೇಕು. ನಮಗೆ ಮಗಳಿಲ್ಲ, ಸೊಸೆ ಇಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

"ಕುಂದ್ರು," ಅಂದಳು ಅಕ್ಕ. "ಟವೆಲ್ ಒಡ್ಡು."

ಪಕ್ಕದಲ್ಲಿ ಹಾಕಿದ ಇನ್ನೊಂದು ಮಣೆಯ ಮೇಲೆ ಕೂತೆ. ಟವೆಲ್ ಒಡ್ಡಿದೆ. ಖಣ, ಬಳೆ, ಅಕ್ಕಿ, ಕೊಬ್ಬರಿ ಒಂದೊಂದೇ ಬಿದ್ದವು. ಯಾರೂ ನಗಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆಗ ಬಾಗಿಲಲ್ಲಿ ಟೇಲರ್. ನನ್ನನ್ನು ನೋಡಿದ. ಉಡಿ ನೋಡಿದ. ಕೊರಳಲ್ಲಿ ಅಳತೆ ಟೇಪು ಇತ್ತು.

"ಅಣ್ಣಾ," ಅಂದ ಮೆಲ್ಲಗೆ, "ಈ ಖಣದಾಗ ಹೊಲಿಯೋದಾದ್ರ ತೋಳು ಗಿಡ್ಡ ಇಡ್ಲೋ, ಉದ್ದ ಇಡ್ಲೋ?"

ಮೈಕು ಚಾಲೂ ಇತ್ತು. ಓಣಿಗೆಲ್ಲ ಕೇಳಿಸಿತು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಕ್ಕ ನಗುತ್ತಲೇ ಹಾಡು ಎತ್ತಿದಳು. ಸಂಜೆಯವರೆಗೂ ಹಾಡಿದರು. ಆಂಪ್ಲಿಫಯರ್ ಸುಡಲಿಲ್ಲ. ಮುಂದಿನ ಸೋಮವಾರವೂ ಸುಡಲಿಲ್ಲ. ಉಡಿ ಮಾತ್ರ ಸೋಮವಾರಕ್ಕೊಮ್ಮೆ ನನಗೇ.

ಒಂದು ದಿನ ಸಂತೆಗೆ ಹೋಗಿದ್ದೆ. ಬಳೆ ಮಾರುವಾಕಿ ದೂರದಿಂದಲೇ ಕೈ ಮಾಡಿ ಕರೆದಳು:

"ಬರ್ರಿ ಅಣ್ಣಾರ, ಕೈ ಕೊಡ್ರಿ. ಉಡಿಗೆ ಬಳಿ ಒಯ್ಯೋ ನಿಮ್ಮ ಓಣಿ ಹೆಣ್ಮಕ್ಕಳಿಗೆ ನಿಮ್ಮ ಅಳತಿ ಗೊತ್ತಿಲ್ಲಂತ."